ಮುನೀರ್ ಬೇ ಬರೆದುಕೊಟ್ಟ ಐದು ಹೆಸರುಗಳು

ವಿದಾದ್ ಖಾಲ್ತೊ,

ನಿಮಗೆ ಕನ್ನಡ ಬಾರದು. ಬಂದಿದ್ದರೂ ಓದಲು ಈಗ ನೀವಿಲ್ಲ. ಇಷ್ಟು ಗೊತ್ತಿದ್ದೂ ಬರೆಯಲು ಕೂತವಳಿಗೆ ತಲೆ ನೆಟ್ಟಗಿಲ್ಲ ಎಂದು ನನ್ನ ಗಂಡ ರಾಬರ್ಟ್ ಅಂದುಕೊಂಡಿದ್ದಾನೆ. ಬಾಯಿಬಿಟ್ಟು ಹೇಳಿಲ್ಲ. ಮೇಜಿನ ಮೇಲೆ ಚಹಾ ಇಟ್ಟು, ಶಬ್ದವಾಗದ ಹಾಗೆ ಬಾಗಿಲು ಎಳೆದುಕೊಂಡು ಹೋದ ರೀತಿಯಲ್ಲೇ ಗೊತ್ತಾಯಿತು.

ಕನ್ನಡದಲ್ಲೇ ಬರೆಯುತ್ತಿರುವುದಕ್ಕೆ ನೀವೇ ಕಾರಣ. ಸಿಡ್ನಿ ಬದಿಯ ಲಿವರ್‌ಪೂಲಿನ ನಿಮ್ಮ ಅಡುಗೆಮನೆಯಲ್ಲಿ ಒಮ್ಮೆ ನನ್ನ ಮಾತನ್ನು ಅರ್ಧಕ್ಕೇ ತಡೆದು ಹೇಳಿದ್ದಿರಿ: "ಇಂಗ್ಲಿಷಲ್ಲಿ ನೀನು ಇಂಟರ್‌ವ್ಯೂಗೆ ಬಂದವಳ ಹಾಗೆ ಮಾತಾಡ್ತೀ. ನಿನ್ನ ಭಾಷೇಲಿ ಹೇಳು. ಮುಖ ನೋಡಿ ಅರ್ಥ ಮಾಡಿಕೊಳ್ತೇನೆ." ನನ್ನ ಭಾಷೆ ಯಾವುದು ಎಂದು ನಾನು ಲೆಕ್ಕ ಹಾಕಬೇಕಾಯಿತು. ಮನೆಯಲ್ಲಿ ಕೊಂಕಣಿ, ದುಡಿಮೆಗೆ ಇಂಗ್ಲಿಷ್. ಆದರೆ ಕಿನ್ನಿಗೋಳಿಯ ಸಿಸ್ಟರ್‌ಗಳ ಶಾಲೆಯಲ್ಲಿ ಸ್ಲೇಟು ಹಿಡಿದಂದಿನಿಂದ ಮನಸ್ಸಿನಲ್ಲಿದ್ದದ್ದನ್ನು ಬರೆಯುವಾಗ ಕೈ ಓಡುವುದು ಕನ್ನಡದಲ್ಲಿ. ಅದನ್ನು ವಿವರಿಸಿದಾಗ ನೀವು ನಕ್ಕಿರಿ. "ನನ್ನ ಅಜ್ಜನ ಹಾಗೇ. ಮನೆಗೆ ಅರಬ್ಬಿ, ಕಚೇರಿಗೆ ತುರ್ಕಿ, ಮೆರೆಯಲಿಕ್ಕೆ ಫ್ರೆಂಚ್" ಎಂದಿರಿ. ಆ ದಿನದಿಂದ ನನಗೆ ನೀವು ಆಂಟಿ ಅಲ್ಲ, ಖಾಲ್ತೊ. ನಮ್ಮ ಕಡೆ ಚಿಕ್ಕಮ್ಮ ಎನ್ನುವ ಹಾಗೆ.

ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಹೇಳಿದರೆ ಧೈರ್ಯ ಕೈಕೊಡುತ್ತದೆ. ನಿಮ್ಮ ಅಜ್ಜ ಮುನೀರ್ ಬೇ ಯಾರನ್ನೂ ಹಿಡಿದುಕೊಡಲಿಲ್ಲ. ಅರವತ್ತಮೂರು ವರ್ಷ ಎದೆಯಲ್ಲಿಟ್ಟುಕೊಂಡಿದ್ದ ಪ್ರಶ್ನೆಯನ್ನು ನೀವು ನನ್ನ ಕೈಗಿತ್ತಿರಿ. ಹೌದೋ ಅಲ್ಲವೋ, ಅಷ್ಟು ಹೇಳು ಎಂದಿರಿ. ನಾನು ಹೌದು ಎಂದೆ. ಅದು ತಪ್ಪು. ಆ ತಪ್ಪನ್ನು ನಿಜವೆಂದು ನಂಬಿಕೊಂಡೇ ನೀವು ಹೋದಿರಿ.

ನಿಮ್ಮನ್ನು ನನಗೆ ತೋರಿಸಿಕೊಟ್ಟವಳು ನನ್ನ ದೊಡ್ಡಮ್ಮನ ಮಗಳು ರೋಶೆಲ್. ನಿಮ್ಮ ಕಾಲಿನ ಗಾಯಕ್ಕೆ ವಾರಕ್ಕೆರಡು ಸಲ ಮನೆಗೆ ಬಂದು ಪಟ್ಟಿ ಕಟ್ಟುತ್ತಿದ್ದ ನರ್ಸು. 2023ರ ಮಾರ್ಚಿನಲ್ಲಿ ಅವಳು ಮೆಲ್ಬೋರ್ನಿಗೆ ಫೋನು ಮಾಡಿ, "ಇಲ್ಲೊಬ್ಬರು ಸಿರಿಯಾದ ಆಂಟಿ ಇದ್ದಾರೆ ಮಾರಾಯ್ತಿ, ಡಮಾಸ್ಕಸ್‌ನವರು. ಅಜ್ಜನ ಕಾಲದ ತುರ್ಕಿ ಕಾಗದ ಉಂಟಂತೆ, ಓದ್ಲಿಕ್ಕೆ ಜನ ಇಲ್ಲವಂತೆ. ನೀನು ಕಲಿತದ್ದು ಅದೇ ಅಲ್ವಾ?" ಎಂದಳು. ನಾನು ಕಲಿತದ್ದು ಅದೇ. ಮುಳುಗುತ್ತಿದ್ದ ತುರ್ಕರ ಆಟೊಮನ್ ಸಾಮ್ರಾಜ್ಯದಲ್ಲಿ ದೊಡ್ಡ ಹುದ್ದೆಗಳಲ್ಲಿದ್ದ ಅರಬ್ ಮನೆತನಗಳ ಮೇಲೆ ನನ್ನ ಪಿಎಚ್‌ಡಿ. ಸುಲ್ತಾನನ ಸಂಬಳ ತಿನ್ನುತ್ತಿದ್ದವರು ಮನಸ್ಸಿನಲ್ಲಿ ಯಾರ ಕಡೆಗಿದ್ದರು ಎಂಬ ಬಗ್ಗೆ ಹತ್ತು ವರ್ಷದಿಂದ ಸೆಮಿನಾರುಗಳಲ್ಲಿ ಮಾತಾಡುತ್ತಾ ಬಂದವಳು. ಯೂನಿವರ್ಸಿಟಿಯಲ್ಲಿ ನನ್ನದು ಸೆಮಿಸ್ಟರಿನಿಂದ ಸೆಮಿಸ್ಟರಿಗೆ ಕಾಂಟ್ರಾಕ್ಟು. ಹೊಸ ಕಾಗದದ ವಾಸನೆ ಸಿಕ್ಕಿದರೆ ಇಲಿಯಂತೆ ಓಡುವ ಸ್ಥಿತಿ. ಮುಂದಿನ ಶನಿವಾರವೇ ಫ್ಲೈಟ್ ಬುಕ್ ಮಾಡಿ ಸಿಡ್ನಿಗೆ ಬಂದೆ. ಸ್ಕೋಫೀಲ್ಡ್ಸಿನ ರೋಶೆಲ್ ಮನೆಯಲ್ಲಿ ಇಳಿದು, ಅವಳ ಕಾರಿನಲ್ಲಿ ಒಂದು ಗಂಟೆ ದಾರಿ ಸವೆಸಿ ನಿಮ್ಮ ಯುನಿಟ್ಟಿನ ಬೆಲ್ಲು ಒತ್ತಿದೆ.

ಆ ದಿನ ನೀವು ಕಾಗದ ತೋರಿಸಲಿಲ್ಲ. ಊಟ ಹಾಕಿದಿರಿ, ಪ್ರಶ್ನೆ ಕೇಳಿದಿರಿ. ಇಂಡಿಯಾದವಳಿಗೆ ನಮ್ಮ ಗೊಡವೆ ಯಾಕೆ ಎಂದಿರಿ. ನಾನು ನಮ್ಮ ಕರಾವಳಿಯ ಕ್ರೈಸ್ತರ ಕಥೆ ಹೇಳಿದೆ. ಇನ್ನೂರ ನಲವತ್ತು ವರ್ಷದ ಹಿಂದೆ, ಬ್ರಿಟಿಷರ ಜೊತೆ ಸೇರಿ ದೊರೆಗೆ ದ್ರೋಹ ಬಗೆದರೆಂಬ ಆರೋಪದ ಮೇಲೆ ನಮ್ಮ ಜನರನ್ನು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋಗಿದ್ದರು. ಯಾರು ದ್ರೋಹ ಮಾಡಿದ್ದರು, ಯಾರು ಮಾಡಿರಲಿಲ್ಲ ಎಂದು ದಾರಿಯಲ್ಲಿ ಸತ್ತ ಮಕ್ಕಳನ್ನು ಯಾರೂ ಕೇಳಲಿಲ್ಲ. ನಮ್ಮ ಅಜ್ಜಿ ಈ ಕಥೆ ಹೇಳುವಾಗ ದನಿ ತಗ್ಗಿಸುತ್ತಿದ್ದಳು, ಪಕ್ಕದ ಮನೆಯವರಿಗೆ ಈಗಲೂ ಕೇಳಿಸಬಾರದೆಂಬ ಹಾಗೆ. ನೀವು ಊಟದ ತಟ್ಟೆ ಬದಿಗೆ ಸರಿಸಿ ನನ್ನ ಕೈ ಹಿಡಿದುಕೊಂಡಿರಿ. "ಹಾಗಾದರೆ ನಿನಗೆ ಗೊತ್ತು" ಎಂದಿರಿ. ಎಷ್ಟು ಬೇಗ ನಂಬಿಬಿಟ್ಟಿರಿ! ಆ ನಂಬಿಕೆಗೆ ನಾನು ತಕ್ಕವಳಾಗಿರಲಿಲ್ಲ.

ಎರಡನೆಯ ಸಲ ಬಂದಾಗ ಮಲಗುವ ಕೋಣೆಯಿಂದ ಒಂದು ದಿಂಬು ತಂದಿರಿ. ಅಂಚಿಗೆ ಕೆಂಪು ಕಸೂತಿ, ನಾಲ್ಕೂ ಕಡೆ ಹೊಲಿಗೆ. ಕತ್ತರಿಯಿಂದ ಹೊಲಿಗೆ ಬಿಚ್ಚಿದಿರಿ. ಒಳಗೆ ಹತ್ತಿಯ ಬದಲು ಕಾಗದ, ನೂರಕ್ಕೆ ಹತ್ತು ಕಡಿಮೆ. ನಿಮ್ಮ ಅಜ್ಜಿ ತುಂಬಿಸಿ ಹೊಲಿದದ್ದು. ನೀವು 1960ರಲ್ಲಿ ಒಂದೇ ಒಂದು ಸಲ ಬಿಚ್ಚಿ, ಮತ್ತೆ ಹೊಲಿದು, ಹಾಗೆಯೇ ಸಿಡ್ನಿಗೆ ಹೊತ್ತು ತಂದದ್ದು.

ಆಗ ನಿಮಗೆ ಹತ್ತೊಂಬತ್ತು ವರ್ಷ. ಅದ್ನಾನ್ ಜೊತೆ ಮದುವೆ ಗೊತ್ತಾಗಿತ್ತು. 1916ರ ಮೇ ಆರರಂದು ತುರ್ಕರ ಸೇನಾ ಗವರ್ನರು ರಾಜದ್ರೋಹದ ಆರೋಪದ ಮೇಲೆ ಡಮಾಸ್ಕಸ್ ಮತ್ತು ಬೈರೂತಿನ ಚೌಕಗಳಲ್ಲಿ ಗಲ್ಲಿಗೇರಿಸಿದವರಲ್ಲಿ ಅದ್ನಾನರ ಅಜ್ಜನೂ ಒಬ್ಬರು. ಊರಿಗೇ ಹುತಾತ್ಮರ ಮನೆ ಅದು. ನಿಮ್ಮ ಅಜ್ಜ ಅದೇ ಗವರ್ನರ ಕೆಳಗೆ ನೌಕರಿ ಉಳಿಸಿಕೊಂಡವರು. ಗೆಳೆಯರ ಹೆಸರು ಬರೆದುಕೊಟ್ಟು ತಾನು ಬದುಕಿದ ಎಂಬ ಪಿಸುಮಾತು ನಿಮ್ಮ ಮನೆಯ ಗೋಡೆಗೆ ಸುಣ್ಣದಷ್ಟೇ ಹಳೆಯದು. ಅದ್ನಾನರ ತಾಯಿ ಅಡ್ಡ ಕೂತರು. ಅದ್ನಾನ್ ನಿಮಗೆ ಹೇಳಿದರು: "ನಿಮ್ಮ ಅಜ್ಜ ಮಾಡಿಲ್ಲ ಅಂತ ಒಂದು ಚೂರು ಕಾಗದ ತಾ, ಅಮ್ಮನ ಎದುರು ನಾನು ನಿಲ್ತೇನೆ." ನೀವು ದಿಂಬು ಬಿಚ್ಚಿದಿರಿ. ಕಾಗದ ತುರ್ಕಿಯಲ್ಲಿದ್ದರೂ ಅಕ್ಷರ ನಿಮ್ಮ ಅರಬ್ಬಿಯದೇ, ಅರ್ಥವಾಗದಿದ್ದರೂ ಓದಬಹುದಿತ್ತು. ಒಂದು ಹಾಳೆಯಲ್ಲಿ ಐದು ಹೆಸರು. ಐವರೂ ಮೇ ಆರರ ಹುತಾತ್ಮರು. ಎರಡನೆಯದು ಅದ್ನಾನರ ಅಜ್ಜನ ಹೆಸರು. ಅದು ಕ್ಷಮೆ ಕೋರಿದ ಮನವಿಯೋ ಚಾಡಿಯೋ ನಿಮಗೆ ತಿಳಿಯದು. ತುರ್ಕಿ ಬಲ್ಲ ಮುದುಕರು ಊರಲ್ಲಿದ್ದರು, ಆದರೆ ಎಲ್ಲರೂ ನೆರೆಯವರೇ. ನೀವು ಮತ್ತೆ ದಿಂಬು ಹೊಲಿದಿರಿ, ಅದ್ನಾನರಿಗೆ ಉತ್ತರ ಕೊಡಲೇ ಇಲ್ಲ. ಬೇರೆಯವರನ್ನು ಮದುವೆಯಾಗಿ, ಭೂಮಿಯ ಈ ತುದಿಗೆ ಬಂದಿರಿ.

ಖಾಲ್ತೊ, ನಿಮ್ಮ ಅಜ್ಜನ ಕಾಗದಗಳನ್ನು ಓದುತ್ತಾ ನಾವಿಬ್ಬರೂ ಎಷ್ಟು ನಕ್ಕಿದ್ದೇವೆ. ಆ ನಗುವನ್ನು ಈಗ ನೆನೆಯಲೂ ಭಯ. ಇಸ್ತಾಂಬುಲಿನ ಆಡಳಿತ ಶಾಲೆಯಲ್ಲಿ ಓದಿ, ನಮ್ಮ ತಹಶೀಲ್ದಾರರಂಥ ಹುದ್ದೆ ಹಿಡಿದು, ಬಾಲ್ಕನ್ನಿನ ಯಾವುದೋ ಮೂಲೆಗೆ ವರ್ಗವಾದಾಗ ಹೆಂಡತಿಗೆ ಬರೆದ ಒಂದು ಪತ್ರ ನಿಮಗೆ ಬಾಯಿಪಾಠವಾಗಿತ್ತು: "ಇಲ್ಲಿಯವರು ನನ್ನನ್ನು ಅರಬ ಎನ್ನುತ್ತಾರೆ. ರಜೆಯಲ್ಲಿ ಅಲ್ಲಿಗೆ ಬಂದರೆ ನಿನ್ನ ಅಣ್ಣಂದಿರು ತುರ್ಕ ಎನ್ನುತ್ತಾರೆ. ನಾನು ಸರಕಾರದವನು ಎಂದುಕೊಂಡಿದ್ದೇನೆ. ಸರಕಾರಕ್ಕೆ ಈ ವಿಷಯ ತಿಳಿದಿದೆಯೋ ಇಲ್ಲವೋ ಕಾಣೆ." ಮತ್ತೆ 1918ರ ಆ ಬೀಗದ ಕೈಗಳು. ತುರ್ಕಿ ಸೈನ್ಯ ಊರು ಬಿಟ್ಟು ಓಡಿದ ಬೆಳಿಗ್ಗೆ ಮುನೀರ್ ಬೇ ಎಂದಿನಂತೆ ಕಚೇರಿಗೆ ಹೋದರು. ಕಪಾಟುಗಳಿಗೆ ಬೀಗ ಹಾಕಿ, ಚಾರ್ಜು ವಹಿಸಿಕೊಳ್ಳಲು ಯಾರಾದರೂ ಬರುತ್ತಾರೆಂದು ಸಂಜೆಯವರೆಗೆ ಕುರ್ಚಿಯಲ್ಲಿ ಕೂತರು. ಯಾರೂ ಬರಲಿಲ್ಲ. ಊರನ್ನು ನಾಲ್ಕುನೂರು ವರ್ಷ ಆಳಿದ ಸಾಮ್ರಾಜ್ಯದ ಬೀಗದ ಕೈ ಗೊಂಚಲನ್ನು ಜೇಬಿಗೆ ಹಾಕಿಕೊಂಡು ಮನೆಗೆ ನಡೆದರು. ಆಮೇಲೆ ಬಂದ ಫ್ರೆಂಚರ ಕೆಲಸಕ್ಕೆ ಹೋಗಲಿಲ್ಲ. ಸುಲ್ತಾನನ ಕಾಲದ ಕೆಂಪು ಟೋಪಿ ತೆಗೆಯಲಿಲ್ಲ. ಅವರ ಮಡಿಲಲ್ಲಿ ಕೂತು ಆ ಗೊಂಚಲು ಗಲಗಲಿಸಿ ಆಡುತ್ತಿದ್ದ ಮಗು ನೀವು. "ಮಗು ಹಾಳು ಮಾಡೀತು, ಮುಂದಿನ ಅಧಿಕಾರಿಗೆ ಕೊಡಬೇಕು" ಎಂದು ಮೂವತ್ತು ವರ್ಷದ ಮೇಲೂ ಹೇಳುತ್ತಿದ್ದರಂತೆ.

ಆ ನಡುವೆ ನಾನು ಇಲ್ಲಿಯ ಪೌರತ್ವ ತೆಗೆದುಕೊಂಡೆ, ನೆನಪಿದೆಯೇ? ಹೊಸ ಪೌರರ ಕೈಗೆ ಒಂದು ಗಿಡ ಕೊಡುವುದು ಇಲ್ಲಿಯ ಪದ್ಧತಿ. ಮರುವಾರ ಬಂದಾಗ ನೀವು ಕೇಳಿದ ಮೊದಲ ಪ್ರಶ್ನೆ, "ಗಿಡ ಕೊಟ್ಟರಾ?" ಕೊಟ್ಟರು, ಒಂದು ಗೇಣಿನದ್ದು ಎಂದೆ. "ನಿಷ್ಠೆ ಅಂದ್ರೆ ಏನು ಅಂತ ಕೇಳಿದ್ರಾ?" ಇಲ್ಲ, ಪ್ರಮಾಣವಚನ ಓದಿ ಅಂದರು, ಎಲ್ಲರ ಜೊತೆ ಓದಿದೆ ಎಂದೆ. ನೀವು ಗೋಡೆಯ ಮೇಲೆ ಟೋಪಿ ಹಾಕಿ ಕೂತ ಅಜ್ಜನ ಫೋಟೋ ಕಡೆ ನೋಡಿದಿರಿ. "ಇವರೂ ಹಾಗೇ ಓದಿರಬೇಕು. ಆದರೆ ಮುದುಕ ಅದನ್ನ ನಿಜ ಅಂದುಕೊಂಡ" ಎಂದಿರಿ.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ನಮ್ಮ ಚರ್ಚಿನಲ್ಲಿ ಪಾಪನಿವೇದನೆ ಮಾಡುವಾಗ ಕಾರಣ ಹೇಳಬಾರದು, ಪಾಪವನ್ನಷ್ಟೇ ಹೇಳಬೇಕು ಎಂದು ಸಿಸ್ಟರ್ ಯಾವಾಗಲೂ ಗದರುತ್ತಿದ್ದರು. ಆದರೆ ಇಲ್ಲಿ ಕಾರಣವೇ ಪಾಪ.

ಆಟೊಮನ್ ಸರಕಾರದ ಕಚೇರಿ ಕ್ಯಾಲೆಂಡರು ನಮ್ಮ ಈಗಿನ ಕ್ಯಾಲೆಂಡರಿಗಿಂತ ಹದಿಮೂರು ದಿನ ಹಿಂದೆ ನಡೆಯುತ್ತಿತ್ತು. 1917ರಲ್ಲಿ ಸರಕಾರವೇ ಆ ಹದಿಮೂರು ದಿನಗಳನ್ನು ಹಾರಿ ಉಳಿದ ಜಗತ್ತಿನ ಜೊತೆ ಸೇರಿಕೊಂಡಿತು. ಅದರ ಮುಂದಿನ ಕಾಗದಗಳಲ್ಲಿ, ಅವರ ಎಣಿಕೆಯೇ ಬೇರೆಯಾದ್ದರಿಂದ, ವರ್ಷವನ್ನಷ್ಟೇ ಬದಲಿಸಿದರೆ ಸಾಕು. ಹಿಂದಿನವುಗಳಲ್ಲಿ ದಿನವನ್ನೂ ಬದಲಿಸಬೇಕು. ಇದು ನಮ್ಮ ವಿದ್ಯೆಯಲ್ಲಿ ಮೊದಲ ವಾರ ಕಲಿಸುವ ಪಾಠ. ನಾನೇ ಎಷ್ಟೋ ಮಕ್ಕಳಿಗೆ ಕಲಿಸಿದ್ದೇನೆ. ಆದರೆ ನಿಮ್ಮ ದಿಂಬಿನಲ್ಲಿ ಮೇಲಿದ್ದದ್ದು ಕೊನೆಯ ಕಾಗದಗಳು, 1918, 1917. ಅವುಗಳ ಫೋಟೋ ತೆಗೆದು, ಎಕ್ಸೆಲ್ ಹಾಳೆಯಲ್ಲಿ ವರ್ಷ ಬದಲಿಸುವ ಸೂತ್ರ ಹಾಕಿ, ಅದನ್ನೇ ಕೆಳಗಿನ ಸಾಲುಗಳಿಗೆಲ್ಲ ಎಳೆದುಬಿಟ್ಟೆ. ಹಳೆಯ ಕಾಗದಗಳೂ ಅದೇ ಸೂತ್ರದ ಕೆಳಗೆ ಬಂದು ಕೂತವು. ಕೆಲಸ ಮುಗಿದ ಖುಷಿಯಲ್ಲಿ ಹೊರಗೆ ಹೋಗಿ ಕಾಫಿ ಕುಡಿದೆ.

ಐದು ಹೆಸರಿನ ಹಾಳೆ ಬಂದಾಗ ಅದರ ದಿನಾಂಕ 1916ರ ಏಪ್ರಿಲ್ ಇಪ್ಪತ್ತೈದು ಎಂದು ನನ್ನ ಎಕ್ಸೆಲ್ ಹೇಳಿತು. ಮುನೀರ್ ಬೇ ಕಚೇರಿಯ ಮನುಷ್ಯ, ಪ್ರತಿ ಇಟ್ಟುಕೊಳ್ಳದೆ ಏನನ್ನೂ ಕಳಿಸಿದವರಲ್ಲ. ಅದು ಗವರ್ನರ ಕಚೇರಿಗೆ ಕೊಟ್ಟ ಹೇಳಿಕೆಯ ಪ್ರತಿ. "ಸಾಮ್ರಾಜ್ಯದ ವಿರುದ್ಧ ಗುಪ್ತ ಸಂಘಗಳಲ್ಲಿ ಇದ್ದವರು ಯಾರೆಂದು ತಾವು ವಿಚಾರಿಸಿದ್ದಕ್ಕೆ ಉತ್ತರ. ನನಗೆ ತಿಳಿದವರು ಈ ಐವರು. ಇವರ ಹೊರತು ಬೇರಾರನ್ನೂ ಅರಿಯೆ." ಗಲ್ಲಿಗೆ ಹನ್ನೊಂದು ದಿನ ಮೊದಲು! ಬೇರೆ ಏನು ಬೇಕಿತ್ತು?

ಬೇರೆ ಒಂದು ಬೇಕಿತ್ತು, ಅದೂ ಸಿಕ್ಕಿತು. ಏಪ್ರಿಲ್ ಇಪ್ಪತ್ತೈದು ಈ ದೇಶದ ಆನ್ಜಾಕ್ ದಿನ, ತುರ್ಕರ ಮೇಲಿನ ಯುದ್ಧದಲ್ಲಿ ಸತ್ತ ಸೈನಿಕರನ್ನು ನೆನೆಯಲು ಶುರುವಾದದ್ದು. 1916ರದ್ದು ಅದರ ಮೊದಲನೆಯ ಆಚರಣೆ. ನನ್ನ ಲೇಖನದ ಮೊದಲ ವಾಕ್ಯ ತಾನಾಗಿ ಬಂದುಬಿಟ್ಟಿತು: ತುರ್ಕರ ವಿರುದ್ಧ ಹೋರಾಡಿ ಮಡಿದವರಿಗಾಗಿ ಸಿಡ್ನಿ ಮೊದಲ ಬಾರಿ ತಲೆಬಾಗಿದ ದಿನವೇ, ಡಮಾಸ್ಕಸ್ಸಿನಲ್ಲಿ ಒಬ್ಬ ಅರಬ್ ಅಧಿಕಾರಿ ತನ್ನ ಐವರು ಗೆಳೆಯರ ಹೆಸರನ್ನು ಅದೇ ತುರ್ಕರಿಗೆ ಬರೆದುಕೊಟ್ಟ. ಬರೆದು ಓದಿಕೊಂಡಾಗ ಮೈ ಜುಮ್ಮೆಂದಿತು. ಆ ವಾಕ್ಯ ಅಷ್ಟು ಚೆನ್ನಾಗಿರದಿದ್ದರೆ ನಾನು ಇನ್ನೊಮ್ಮೆ ಲೆಕ್ಕ ನೋಡುತ್ತಿದ್ದೆನೇನೋ. ನಿಮ್ಮ ಅಜ್ಜನ ಮಾನವನ್ನು ಒಂದು ವಾಕ್ಯದ ಚೆಂದಕ್ಕೆ ಮಾರಿಬಿಟ್ಟೆ, ಖಾಲ್ತೊ. ಇದಕ್ಕಿಂತ ಕಡಿಮೆ ಮಾತಿನಲ್ಲಿ ಹೇಳಲು ನನಗೆ ಬರುವುದಿಲ್ಲ.

ಸೆಪ್ಟೆಂಬರಿನಲ್ಲಿ ಹೇಳಲು ಬಂದೆ. ನೀವು ಅಡುಗೆಮನೆಯಲ್ಲಿ ಕೂಸಾ ಎಂಬ ಆ ಎಳೆಗಾಯಿಗಳ ತಿರುಳು ಕೊರೆದು ತೆಗೆಯುತ್ತಿದ್ದಿರಿ, ಅನ್ನ ಮತ್ತು ಮಾಂಸ ತುಂಬಿಸಲು. ನಾನು ಲ್ಯಾಪ್‌ಟಾಪಿನಲ್ಲಿ ಆ ಹಾಳೆಯ ಫೋಟೋ ತೆರೆದೆ. ನೀವು ಕನ್ನಡಕ ಹಾಕಿಕೊಂಡು, ಒದ್ದೆ ಬೆರಳಿನಿಂದ ಪರದೆ ಮುಟ್ಟಿ, ಗಟ್ಟಿಯಾಗಿ ಓದಿದಿರಿ: "ನೀಸಾನ್ ಇಪ್ಪತ್ತೈದು." ನಿಮ್ಮಲ್ಲೂ ಏಪ್ರಿಲಿಗೆ ನೀಸಾನ್ ಎಂದೇ ಹೆಸರು. ಸಂಶಯಕ್ಕೆ ಎಡೆಯೇ ಇರಲಿಲ್ಲ. ಕಾಗದದಲ್ಲಿ ಏನಿದೆಯೆಂದು ನಾನು ಹೇಳಿದೆ. ನೀವು ಮತ್ತೆ ಕೂತು ಇನ್ನೊಂದು ಕಾಯಿ ಕೈಗೆತ್ತಿಕೊಂಡಿರಿ. ಅದರ ತಳ ತೂತಾಯಿತು. ಮುಂದಿನದೂ ತೂತಾಯಿತು. ಅರವತ್ತು ವರ್ಷದಿಂದ ಕೊರೆದ ಕೈ. ಹತ್ತೋ ಹನ್ನೆರಡೋ ಕಾಯಿಗಳನ್ನು ಒಂದಾದ ಮೇಲೊಂದು ಹಾಗೆಯೇ ಹಾಳು ಮಾಡಿದಿರಿ. ನಾನು ಏನು ಮಾಡಿದೆ ಗೊತ್ತೇ? ಸಮಾಧಾನ ಹೇಳಿದೆ. ಆ ಕಾಲ ಅಂಥದ್ದು, ಸಾಮ್ರಾಜ್ಯ ಕುಸಿಯುವಾಗ ನಿಷ್ಠೆ ಎಂಬುದಕ್ಕೆ ಒಂದೇ ಅರ್ಥ ಇರುವುದಿಲ್ಲ, ಅವರನ್ನು ಇಂದಿನ ಕಣ್ಣಿನಿಂದ ಅಳೆಯಬಾರದು ಎಂದೆಲ್ಲ. ನೀವು ತಲೆ ಎತ್ತಿ, "ಸಾಕು ಮಗಳೇ. ಕ್ಲಾಸು ಮುಗೀತು" ಎಂದಿರಿ.

ಆಮೇಲೆ ನಡೆದದ್ದನ್ನು ರೋಶೆಲ್ ಹೇಳಿದಳು. ನಿಮ್ಮ ಬೀದಿಗೆ ಹಳೆ ಸಾಮಾನು ಒಯ್ಯುವ ಕೌನ್ಸಿಲ್ ಕ್ಲೀನಪ್ ಬಂದ ವಾರ, ಎಲ್ಲರೂ ಹಳೆ ಸೋಫಾ, ಮುರಿದ ಫ್ಯಾನು ಫುಟ್‌ಪಾತಿಗೆ ಹಾಕುವಾಗ, ನೀವು ಅಜ್ಜನ ಫೋಟೋವನ್ನು ಗೋಡೆಯಿಂದ ಇಳಿಸಿ ಅವುಗಳ ಮೇಲೆ ಇಟ್ಟಿರಿ. ಪಕ್ಕದಲ್ಲಿ ಆ ದಿಂಬು, ಕಾಗದಗಳ ಸಮೇತ. "ಬೇಡ ಆಂಟಿ, ನಾನು ತಕೊಂಡು ಹೋಗ್ತೇನೆ ಅಂದೆ. ನನ್ನ ಕೈಯಿಂದ ಕಿತ್ತು ಇಟ್ಟರು ಮಾರಾಯ್ತಿ" ಎಂದು ಅವಳು ಅತ್ತಳು. ಬೀಗದ ಕೈಗಳೂ ಅದರಲ್ಲೇ ಹೋದವಂತೆ. ಮುನೀರ್ ಬೇಯವರ ಕೈಬರಹ ಈ ಲೋಕದಲ್ಲಿ ಉಳಿದಿರುವುದು ಈಗ ನನ್ನ ಲ್ಯಾಪ್‌ಟಾಪಿನಲ್ಲಿ ಮಾತ್ರ, ಅವರ ಹೆಸರು ಕೆಡಿಸಿದವಳ ಬಳಿ.

ಅದಷ್ಟಕ್ಕೇ ನೀವು ನಿಲ್ಲಿಸಲಿಲ್ಲ. ಅಕ್ಟೋಬರಿನಲ್ಲಿ ಒಂದು ಲಕೋಟೆ ಕೊಟ್ಟಿರಿ. ಅದ್ನಾನ್ ಮಗಳ ಜೊತೆ ಮೆಲ್ಬೋರ್ನಿಗೆ ಬಂದು ಇಪ್ಪತ್ತು ವರ್ಷವಾಗಿದೆ, ಈಗ ಡ್ಯಾಂಡಿನಾಂಗಿನ ಒಂದು ವೃದ್ಧಾಶ್ರಮದಲ್ಲಿದ್ದಾರೆ ಎಂಬುದು ನಿಮಗೆ ಗೊತ್ತಿತ್ತು. ಒಮ್ಮೆಯೂ ಫೋನು ಮಾಡಿರಲಿಲ್ಲ. "ಪೋಸ್ಟಿಗೆ ಹಾಕಬೇಡ, ಕೈಗೆ ಕೊಡು" ಎಂದಿರಿ. ರಾಬರ್ಟ್ ದುಡಿಯುವ ವೇರ್‌ಹೌಸಿನಿಂದ ಆ ಜಾಗ ಎರಡೇ ಬಸ್‌ಸ್ಟಾಪು. ಬಿಳಿ ಕೂದಲು ನೀಟಾಗಿ ಬಾಚಿ, ಇಸ್ತ್ರಿ ಶರಟು ಹಾಕಿ ಕೂತಿದ್ದ ಮನುಷ್ಯ ಲಕೋಟೆ ಒಡೆದರು. ಒಂದೇ ಪುಟ. "ನನ್ನ ಅಜ್ಜ ಮಾಡಿದ್ದಕ್ಕೆ ನಿಮ್ಮ ಮನೆಯವರಲ್ಲಿ ಕ್ಷಮೆ ಕೇಳುತ್ತೇನೆ" ಎಂದು ನೀವು ಬರೆದಿದ್ದಿರಂತೆ. ಅವರು ಎರಡು ಸಲ ಓದಿ ಮಡಚಿದರು. "ಜೀವಮಾನವಿಡೀ ಇದು ಸುಳ್ಳಾಗಲಿ ಅಂತ ಬೇಡಿಕೊಂಡಿದ್ದೆ" ಎಂದರು. ಚಹಾ ಬೇಕೇ ಎಂದು ಕೇಳಿ, ನಾನು ಬೇಕು ಎಂದರೂ ತರಿಸಲು ಮರೆತರು.

ಲೇಖನ ಬಂತು. ಆ ಮೊದಲ ವಾಕ್ಯವನ್ನು ಎಲ್ಲರೂ ಹೊಗಳಿದರು. ನನ್ನ ಕಾಂಟ್ರಾಕ್ಟು ಮೂರು ವರ್ಷದ್ದಾಯಿತು. ನೀವು ಮಾತ್ರ ನನ್ನ ಫೋನು ಎತ್ತುವುದನ್ನು ಬಿಟ್ಟಿರಿ. ನಿಮಗೆ ನನ್ನ ಮೇಲೆ ಸಿಟ್ಟಿರಲಿಲ್ಲ, ಯಾರ ಜೊತೆಗೂ ಮಾತು ಬೇಡವಾಗಿತ್ತು ಎಂದು ರೋಶೆಲ್ ಹೇಳಿದಳು. ಊಟ ಕಡಿಮೆಯಾಯಿತು, ಗಾಯ ಮಾಯಲಿಲ್ಲ. ಕಳೆದ ಜುಲೈಯಲ್ಲಿ ಒಂದು ಮಧ್ಯಾಹ್ನ ಅವಳ ಮೆಸೇಜು: "ಯೂಜಿ, ಒಮ್ಮೆ ಕಾಲ್ ಮಾಡು. ಆಂಟಿ ಹೋದ್ರು." ನಾನು ಪರೀಕ್ಷೆ ಪೇಪರು ತಿದ್ದುತ್ತಿದ್ದೆ. ಎರಡು ಪೇಪರು ತಿದ್ದಿ ಮುಗಿಸಿ ಆಮೇಲೆ ಕಾಲ್ ಮಾಡಿದೆ. ಅಷ್ಟು ಕಲ್ಲಾಗಿದ್ದೆ.

ಹೋದ ವಾರ ಮಂಗಳವಾರ, ಬೆಳಗಿನ ಕ್ಲಾಸು. 1909ರಲ್ಲಿ ಇಸ್ತಾಂಬುಲಿನಲ್ಲಿ ನಡೆದ ಸೈನಿಕರ ದಂಗೆಗೆ 'ಮಾರ್ಚ್ ಮೂವತ್ತೊಂದರ ಘಟನೆ' ಎಂದು ಹೆಸರು. ಹಿಂದಿನ ಬೆಂಚಿನ ಒಬ್ಬಳು ಕೈ ಎತ್ತಿದಳು. "ಪುಸ್ತಕದಲ್ಲಿ ಅದು ಏಪ್ರಿಲ್ ಹದಿಮೂರಕ್ಕೆ ನಡೆಯಿತು ಅಂತ ಇದೆ. ಪ್ರಿಂಟಿಂಗ್ ತಪ್ಪಾ?" ನಾನು ನಗುತ್ತಾ ಬೋರ್ಡಿಗೆ ತಿರುಗಿ, ತಪ್ಪಲ್ಲ, 1917ಕ್ಕಿಂತ ಹಿಂದಿನ ದಿನಾಂಕಕ್ಕೆಲ್ಲ ಹದಿಮೂರು ಸೇರಿಸಬೇಕು ಎಂದು ದೊಡ್ಡದಾಗಿ ಹದಿಮೂರು ಬರೆದೆ. ಬರೆದವಳು ತಿರುಗಲಿಲ್ಲ. ನಾನು ಬೋರ್ಡಿಗೆ ಕೈ ಊರಿ ನಿಂತೇ ಇದ್ದೆ. ಮೈ ಹುಷಾರಿಲ್ಲ ಎಂದು ಹೇಳಿ ಕ್ಲಾಸು ಬಿಟ್ಟೆ.

ಇಪ್ಪತ್ತೈದಕ್ಕೆ ಹದಿಮೂರು ಸೇರಿಸಿದರೆ ಮೇ ಎಂಟು. ಗಲ್ಲಾಗಿ ಎರಡು ದಿನದ ಮೇಲೆ. ಖಾಲ್ತೊ, ಆ ಹೇಳಿಕೆ ಬರೆಯುವಾಗ ಐವರೂ ಸತ್ತಿದ್ದರು! ಗವರ್ನರ ಕಚೇರಿ ಇನ್ನೂ ಯಾರ್ಯಾರು ಎಂದು ಕೇಳಿತ್ತು. ನಿಮ್ಮ ಅಜ್ಜ ಊರಿನ ಚೌಕದಲ್ಲಿ ಎಲ್ಲರೂ ಕಂಡ ಹೆಣಗಳ ಹೆಸರುಗಳನ್ನು ಬರೆದು, ಇವರ ಹೊರತು ಬೇರಾರನ್ನೂ ಅರಿಯೆ ಎಂದು ಸಹಿ ಹಾಕಿದರು. ಅರಿತಿದ್ದರು. ಮರುವರ್ಷ ಹೊರಗೂರಿನಿಂದ ಹೆಂಡತಿಗೆ ಬರೆದ ಕಾಗದದಲ್ಲಿದೆ: "ಉಳಿದವರು ತಮ್ಮ ತಮ್ಮ ಮನೆಯಲ್ಲಿ ಮಲಗುತ್ತಿದ್ದಾರೆ. ನನ್ನ ಬಗ್ಗೆ ಏನು ಬೇಕಾದರೂ ಹೇಳಿಕೊಳ್ಳಲಿ." ನನ್ನ ಲೇಖನದಲ್ಲಿ ಈ ಸಾಲನ್ನು ಅವರ ಭಂಡತನಕ್ಕೆ ಸಾಕ್ಷಿಯಾಗಿ ಕೊಟ್ಟಿದ್ದೇನೆ. ಉಳಿದವರನ್ನು ಕಾಯಲೆಂದೇ ಸತ್ತವರ ಹೆಸರು ಬರೆದೆ ಎಂದು ಒಂದು ಮಾತು ಆಡಿದ್ದರೆ ಅವರ ಹೆಸರು ಉಳಿಯುತ್ತಿತ್ತು, ಅಡಗಿದ್ದವರು ಸಿಕ್ಕಿಬೀಳುತ್ತಿದ್ದರು. ಆಮೇಲೆ ಸಾಮ್ರಾಜ್ಯವೇ ಹೋಯಿತು, ಆಗ ಹೇಳಬಹುದಿತ್ತು. ಯಾಕೆ ಹೇಳಲಿಲ್ಲವೋ. ಗವರ್ನರಿಗೆ ಸುಳ್ಳು ಬರೆದೆ ಎಂದು ಒಪ್ಪಿಕೊಳ್ಳಲು ಆ ಸರಕಾರದ ಮನುಷ್ಯನಿಗೆ ನಾಚಿಕೆಯಾಯಿತೇ? ಇದು ನನ್ನ ಊಹೆ. ನನ್ನ ಊಹೆಗಳನ್ನು ನೀವು ಇನ್ನು ನಂಬಬೇಕಾಗಿಲ್ಲ.

ಪತ್ರಿಕೆಗೆ ಬರೆದೆ. ಲೇಖನದ ಕೊನೆಗೆ ಎರಡು ಸಾಲಿನ ತಿದ್ದುಪಡಿ ಸೇರಿಸುತ್ತಾರಂತೆ. ನಿಮಗೆ ಎಲ್ಲಿ ಸೇರಿಸಲಿ?

ಉಳಿದದ್ದು ಒಬ್ಬರು. ನಿನ್ನೆ ಹತ್ತು ಗಂಟೆಗೆ ಡ್ಯಾಂಡಿನಾಂಗಿಗೆ ಹೋದೆ. ಅದ್ನಾನರಿಗೆ ಈಗ ಎಂಬತ್ತೆಂಟು. ನನ್ನ ಗುರುತು ಹಿಡಿದರು. ಕಾಗದದ ಫೋಟೋ ತೋರಿಸಿ, ಕ್ಯಾಲೆಂಡರಿನ ಲೆಕ್ಕ ಹೇಳಿದೆ. ಒಮ್ಮೆಗೇ ಅರ್ಥ ಮಾಡಿಕೊಂಡರು, ಜೀವನವಿಡೀ ಲೆಕ್ಕದ ಮೇಷ್ಟ್ರಾಗಿದ್ದವರಂತೆ. ತಮ್ಮ ಅಜ್ಜನ ಹೆಸರಿನ ಮೇಲೆ ಬೆರಳಿಟ್ಟು, "ಸತ್ತ ಮೇಲೆ" ಎಂದರು. "ಸತ್ತ ಮೇಲೆ ಬರೆದದ್ದು." ಅವರಿಗೆ ಸಿಟ್ಟು ಬರುತ್ತದೆ, ನನ್ನನ್ನು ಬಯ್ಯುತ್ತಾರೆ ಎಂದುಕೊಂಡಿದ್ದೆ, ಬಯ್ಯಲಿ ಎಂದೇ ಹೋಗಿದ್ದೆ. ಅವರು ನಕ್ಕರು. ಮುಖವೆಲ್ಲ ಬೆಳಗಿ, ಕುರ್ಚಿಯ ಕೈ ಹಿಡಿದು ಎದ್ದರು. ಬಾಗಿಲ ಹಿಂದೆ ತೂಗಿದ್ದ ಕೋಟು ಎಳೆದುಕೊಂಡರು. "ನಾನು ಅವಳಿಗೆ ಹೇಳಿದ್ದೆ, ಒಂದು ಚೂರು ಕಾಗದ ತಾ ಅಂತ. ನೋಡು, ತಂದಳು! ಸಿಡ್ನಿಗೆ ಫ್ಲೈಟು ಒಂದೂವರೆ ಗಂಟೆ ಅಲ್ವಾ? ನನ್ನ ಮಗಳು ಬೇಡ ಅಂತಾಳೆ, ಅವಳಿಗೆ ಹೇಳಬೇಡ. ನೀನೇ ಕರ್ಕೊಂಡು ಹೋಗು. ವಿದಾದ್‌ಗೆ ಮೊದಲು ಫೋನ್ ಮಾಡು, ಹಠಾತ್ತನೆ ಹೋದರೆ ಕೂದಲು ಬಾಚಿಕೊಂಡಿಲ್ಲ ಅಂತ ಬಯ್ತಾಳೆ."

ಅವರಿಗೆ ಗೊತ್ತಿರಲಿಲ್ಲ, ಖಾಲ್ತೊ. ಯಾರೂ ಹೇಳಿರಲಿಲ್ಲ. ಯಾರು ಹೇಳುತ್ತಾರೆ? ಎರಡು ಮನೆಗಳ ನಡುವೆ ಮಾತು ನಿಂತೇ ಅರವತ್ತು ವರ್ಷ. ಗೊತ್ತಿರಬಹುದು ಎಂದು ನಾನಂದುಕೊಂಡಿದ್ದೆ. ಅದೂ ನೋಡಿಕೊಳ್ಳದೆ ಮಾಡಿದ ಇನ್ನೊಂದು ಲೆಕ್ಕ.

ಹೇಳಿದೆ. ಕಳೆದ ಜುಲೈ ಎಂದೆ. ಅವರು ಒಂದು ತೋಳು ಕೋಟಿನೊಳಗೆ ಹಾಕಿ, ಇನ್ನೊಂದನ್ನು ಹಿಂದೆ ತಡಕಾಡುತ್ತಾ ನಿಂತಿದ್ದರು. ಆಮೇಲೆ ಕೇಳಿದರು, "ಅವಳಿಗೆ ಗೊತ್ತಾಗಿತ್ತಾ?" ಇಲ್ಲ ಎಂದೆ. "ಹಾಗಾದರೆ ಕೋಟು ತೆಗೆ" ಎಂದರು. ನಾನು ತೋಳು ಹಿಡಿದು ಎಳೆದೆ. ಅವರ ಕೈ ಮಡಚಿಕೊಂಡು ಬಿಗಿಯಾಗಿತ್ತು, ಬರಲಿಲ್ಲ. ನರ್ಸನ್ನು ಕರೆಯಬೇಕಾಯಿತು.

ಕ್ಷಮಿಸಿ ಎಂದು ನಾನು ಬರೆಯುವುದಿಲ್ಲ. ಆ ಮಾತನ್ನು ನೀವು ಮಾಡದ ತಪ್ಪಿಗೆ ನಿಮ್ಮ ಕೈಯಿಂದ ಬರೆಸಿದವಳು ನಾನು. ಅಲ್ಲಿ ಅಜ್ಜ ಸಿಕ್ಕರೆ ಮುಖ ತಿರುಗಿಸಬೇಡಿ, ಹೋಗಿ ಅವರ ಪಕ್ಕದಲ್ಲಿ ಕೂರಿ. ಫೋಟೋ ಬೀದಿಗೆ ಇಟ್ಟದ್ದಕ್ಕೆ ಅವರು ನೊಂದುಕೊಂಡರೆ, ಮಂಗಳೂರು ಕಡೆಯ ಒಬ್ಬಳು ನನ್ನನ್ನು ದಾರಿ ತಪ್ಪಿಸಿದಳು ಎಂದು ನನ್ನ ಹೆಸರು ಹೇಳಿ. ಆ ಒಂದು ಹೆಸರು ಹೇಳುವುದರಲ್ಲಿ ದ್ರೋಹವೇನೂ ಇಲ್ಲ.

ನಿಮ್ಮ ದೇವರೂ ನನ್ನ ದೇವರೂ ಸೇರಿ ನಿಮಗೆ ನೆಮ್ಮದಿಯ ನಿದ್ದೆ ಕೊಡಲಿ.

ನೀವು ಮಗಳೇ ಎಂದು ಕರೆದಿದ್ದ,
ಯುಜಿನಿಯಾ
ಮೆಲ್ಬೋರ್ನ್